ಕುರಿಮಡುವಿನ ಸಾಕ್ಷಿ

ಹೋದ ವಾರ ಸಂಖಕ್ಕೆ, ತವರುಮನೆಗೆ ಹೋಗಿದ್ದೆ. ಅಣ್ಣ ಅಂಗಳದಲ್ಲಿದ್ದ ನೀರಿನ ಟಾಕಿಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ, ಕೊನೆಗೆ ಒಂದು ಡಬ್ಬಿಯಿಂದ ಬಿಳಿ ಪುಡಿ ತೆಗೆದು ಉದುರಿಸಿದ. ನಮ್ಮ ಕಡೆ ಅದಕ್ಕೆ ಟಿಸಿಎಲ್ ಪೌಡರ್ ಎನ್ನುತ್ತಾರೆ, ನೀರು ಶುದ್ಧ ಮಾಡುವ ಪುಡಿ. ಮೂಗಿಗೆ ಚುರುಗುಟ್ಟುವ ಆ ವಾಸನೆ ಕಟ್ಟೆಯವರೆಗೂ ಬಂತು. ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಮೊರ ತೊಡೆಯ ಮೇಲೆ ಹಾಗೇ ನಿಂತುಬಿಟ್ಟಿತು.

ಆಕೆಯ ಓಢಣಿಗೆ ಇದೇ ವಾಸನೆ ಇರುತ್ತಿತ್ತು. ಸಂಜೆ ಕೆಲಸದಿಂದ ಬಂದು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆದುಕೊಂಡು ಒಳಗೆ ಹೆಜ್ಜೆ ಇಟ್ಟರೆ, ಆಕೆಗಿಂತ ಮೊದಲು ಅದು ಅಡುಗೆಮನೆ ತಲುಪುತ್ತಿತ್ತು. ನಮ್ಮ ಅತ್ತೆ ಒಲೆಯ ಮುಂದಿನಿಂದ ತಿರುಗಿ ಕೂಡ ನೋಡದೆ, "ಬಂತ ನೋಡು ಪೌಡರ್ ವಾಸನಿ, ಆಕಿಗೆ ತಾಟ ಹಾಕು" ಎನ್ನುತ್ತಿದ್ದರು. ಊರಿನವರೆಲ್ಲ ಆಕೆಯನ್ನು ಇಂಜಿನಿಯರ್ ಬಾಯಾರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದವಳು. ಈಗ ಬರೆಯಲು ಕೂತರೆ ಆ ಬಹುವಚನ ಕೈಗೆ ಬರುತ್ತಿಲ್ಲ.

ನಾನು ಸೊಸೆಯಾಗಿ ಬಂದದ್ದು ಜತ್ತ ತಾಲೂಕಿನ ಒಂದು ಸಣ್ಣ ಪೇಟೆಗೆ. ಗಂಡ ಮುಚ್ಚಂಡಿ ಹಾದಿಯಲ್ಲಿ ಜೀಪು ಓಡಿಸುತ್ತಿದ್ದರು, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ, ಅತ್ತೆ ಕುರಿ ಕಾಯುತ್ತಿದ್ದರು. ಮಾವ ತೀರಿಕೊಂಡಾಗ ಹಿಂಡು ಮಾರಿಬಿಡು ಎಂದು ಹೇಳದವರಿಲ್ಲವಂತೆ. ಅತ್ತೆ ಮಾವನ ಕಂಬಳಿಯನ್ನೇ ತಲೆಗೆ ಹಾಕಿಕೊಂಡು ಕುರಿ ಬಿಟ್ಟುಕೊಂಡು ಹೋದರಂತೆ. ನಾನು ಆ ಮನೆಗೆ ಬರುವ ಹೊತ್ತಿಗೆ ಗುಡ್ಡದ ಕಡೆಯಲ್ಲಿ ಅವರನ್ನು ಗುರುತು ಹಿಡಿಯದವರೇ ಇರಲಿಲ್ಲ. ಮಾತು ಕಡಿಮೆ. ಆಡಿದ ಮಾತಿಗೆ ಮಾತ್ರ ತೂಕವಿತ್ತು. ಓಣಿಯಲ್ಲಿ ಜಗಳವಾದರೆ, "ಆಯಿ ಏನಂತಾಳ ಕೇಳ್ರಿ" ಎಂದು ಬರುತ್ತಿದ್ದರು.

ಪೇಟೆಯ ಕೆಳಗೆ ಹೊಳೆ. ಸರಕಾರದ ಬೋರ್ಡಿನಲ್ಲಿ ನದಿ ಎಂದಿದೆ, ನಾವು ಹಳ್ಳ ಎಂದೇ ಅನ್ನುತ್ತೇವೆ. ಮಳೆ ಬಿದ್ದಾಗ ಹರಿದು, ಉಳಿದ ಕಾಲದಲ್ಲಿ ಮಡುಗಳಲ್ಲಿ ನಿಲ್ಲುವ ನೀರು. ಅದು ಬಾಗುವ ಕಡೆ ಬಂಡೆಗಳ ನಡುವೆ ಒಂದು ದೊಡ್ಡ ಮಡುವಿತ್ತು. ಉಣ್ಣೆ ಕತ್ತರಿಸುವ ಮುಂಚೆ ಸುತ್ತಲಿನ ಹಳ್ಳಿಗಳ ಕುರಿಗಳನ್ನೆಲ್ಲ ತಂದು ಅಲ್ಲಿ ಮೈ ತೊಳೆಯುತ್ತಿದ್ದರು. ಕುಣಿಕೋಣೂರ ಕಡೆಯಿಂದಲೂ ಹಿಂಡುಗಳು ಬರುತ್ತಿದ್ದವು. ಕುರಿಮಡು ಎಂದೇ ಅದರ ಹೆಸರು. ಅದರ ದಂಡೆಯ ಒಂದು ತುಂಡು ನೆಲ ನಮ್ಮ ಮನೆತನದ್ದು. ಬೆಳೆಗಲ್ಲ, ಕುರಿಗಳನ್ನು ತರುಬಿ ನಿಲ್ಲಿಸುವುದಕ್ಕೆ.

ಪೇಟೆ ಬೆಳೆಯಿತು. ಮನೆಮನೆಗೂ ಸಂಡಾಸು ಬಂತು, ಬೀದಿಬೀದಿಗೆ ಗಟಾರ ಬಂತು, ಎಲ್ಲ ಗಟಾರಗಳೂ ಸೇರಿ ಒಂದು ನಾಲೆಯಾಗಿ ಬಂದು ಬಿದ್ದದ್ದು ಕುರಿಮಡುವಿಗೆ. ನಾನು ಮದುವೆಯಾಗಿ ಬಂದಾಗ ಆ ನೀರು ಕಪ್ಪಾಗಿತ್ತು. ಅದರ ಮೇಲೆ ಸೋಪಿನ ನೊರೆ ಹತ್ತಿಯ ಹಾಗೆ ಹಾರಾಡುತ್ತಿತ್ತು. ಅತ್ತೆ ಕುರಿ ತೊಳೆಯಲು ಬೇರೆ ಕೆರೆ ಹುಡುಕಿಕೊಂಡು ದಿನಗಟ್ಟಲೆ ನಡೆಯುತ್ತಿದ್ದರು. ಹೋಗುವಾಗ ಮಡುವಿನ ಕಡೆ ಮುಖ ತಿರುಗಿಸುತ್ತಿರಲಿಲ್ಲ...

ಆ ಹೊಲಸು ನೀರನ್ನು ಶುದ್ಧ ಮಾಡಿ ಹೊಳೆಗೆ ಬಿಡುವ ಯೋಜನೆ ಮಂಜೂರಾದಾಗ ಆಕೆ ಬಂದಳು. ಕೆಲಸ ಹಿಡಿದ ಠೇಕೇದಾರನ ಕಡೆಯ ಇಂಜಿನಿಯರ್. ಮರಾಠಿ ಸೀಮೆಯ ಹುಡುಗಿ, ಮದುವೆಯಾಗಿರಲಿಲ್ಲ. ಒಂಟಿ ಹುಡುಗಿಗೆ ಪೇಟೆಯಲ್ಲಿ ಯಾರೂ ಖೋಲಿ ಕೊಡಲಿಲ್ಲ. ನನ್ನ ಗಂಡನ ಜೀಪಿನಲ್ಲಿ ಚೀಲ ಇಟ್ಟುಕೊಂಡು ಮನೆ ಹುಡುಕುತ್ತಿದ್ದವಳನ್ನು ಅವರು ಊಟಕ್ಕೆಂದು ಮನೆಗೆ ಕರೆತಂದರು. ಅತ್ತೆ ಆಕೆಯನ್ನು ಒಮ್ಮೆ ನೋಡಿ, ಉಣ್ಣೆ ತುಂಬಿಡುತ್ತಿದ್ದ ಹೊರಗಿನ ಖೋಲಿಯನ್ನು ಖಾಲಿ ಮಾಡಲು ಹೇಳಿದರು. ಅಲ್ಲಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಆಕೆ ನಮ್ಮ ಮನೆಯವಳಾಗಿದ್ದಳು.

ಆಕೆ ಅತ್ತೆಯನ್ನು ಆಯಿ ಎನ್ನುತ್ತಿದ್ದಳು. ಆಕೆಯ ಮಾತಿನಲ್ಲಿ ಆಯಿ ಎಂದರೆ ತಾಯಿ, ನಮ್ಮ ಮಾತಿನಲ್ಲಿ ಅಜ್ಜಿ. ಅತ್ತೆ ಎರಡಕ್ಕೂ ಓಗೊಡುತ್ತಿದ್ದರು. ನಾನು ಆಕೆಗೆ ವೈನಿ, ಅಂದರೆ ಅತ್ತಿಗೆ. ಕೆಲವೇ ತಿಂಗಳಲ್ಲಿ ನಮ್ಮ ಕನ್ನಡ ಕಲಿತಳು, ಕಲಿಯುವ ಮೊದಲೇ ಮಾತಾಡತೊಡಗಿದಳು, ತಪ್ಪಾಡಿ ತಾನೇ ನಗುತ್ತಿದ್ದಳು. ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ, ಮೇಲೆ ಹಸಿ ಎಣ್ಣೆ ಹಾಕಿಕೊಂಡು ಒಲೆಯ ಪಕ್ಕ ಕೂತು ತಿನ್ನುತ್ತಿದ್ದಳು. ನನಗೆ ಆಗ ಮಕ್ಕಳಾಗಿರಲಿಲ್ಲ. ನಾದಿನಿಯರೂ ಇರಲಿಲ್ಲ. ರವಿವಾರ ನನ್ನ ಮಶೀನಿನ ಹತ್ತಿರ ಕೂತು ಗುಂಡಿ ಹಚ್ಚಿಕೊಡುತ್ತಿದ್ದ ಆ ಹುಡುಗಿ ನನಗೆ ಏನಾಗಿದ್ದಳು ಎಂದು ಸರಿಯಾಗಿ ಹೇಳಲು ಇವತ್ತಿಗೂ ಬರುವುದಿಲ್ಲ.

ಒಂದು ಸಂಜೆ ಅತ್ತೆ ಕೇಳಿದರು, ಹೊಲಸು ನೀರು ಹೆಂಗ ಚಲೋ ಆಗ್ತದ, ಸುಳ್ಳ ಹೇಳಬ್ಯಾಡ ಎಂದು. ಆಕೆ ನೆಲದ ಮೇಲೆ ಇದ್ದಿಲಿನಿಂದ ಟಾಕಿಗಳ ಚಿತ್ರ ಬರೆದಳು.

"ಆಯಿ, ಈ ಟಾಕಿಯೊಳಗ ಸಣ್ಣ ಸಣ್ಣ ಹುಳ ಇರ್ತಾವ್ರಿ. ಕಣ್ಣಿಗೆ ಕಾಣಂಗಿಲ್ಲ. ಹೊಲಸು ತಿಂದು ಬೆಳೀತಾವ. ಆದ್ರ ಅವಕ್ಕ ಉಸಿರು ಬೇಕು. ಮಶೀನ್‌ಲೆ ಯಾವಾಗ್ಲೂ ಗಾಳಿ ಊದಬೇಕು. ಗಾಳಿ ನಿಂತ್ರ ಎಲ್ಲಾ ಸಾಯ್ತಾವ, ನೀರು ಮೊದಲಿಗಿಂತ ಕೆಡ್ತದ."

ಅತ್ತೆ ಆ ಚಿತ್ರವನ್ನೇ ನೋಡುತ್ತ ಕೂತಿದ್ದರು. ಆಮೇಲೆ ನಕ್ಕರು. "ಅಂದ್ರ ನೀನೂ ಹಿಂಡ ಕಾಯಾಕಿನ ಆದಿ. ನಾ ಕುರಿ ಕಾಯ್ತೀನಿ, ನೀ ಹುಳ ಕಾಯ್ತಿ."

ಆ ದಿನದಿಂದ ಅವರಿಬ್ಬರ ನಡುವೆ ಅದೇ ಒಂದು ಆಟದ ಮಾತಾಯಿತು. ಆಕೆ ಬಂದ ಕೂಡಲೇ ಅತ್ತೆ, "ಹಿಂಡ ಹೆಂಗೈತಿ?" ಎನ್ನುತ್ತಿದ್ದರು. "ಮೇಯ್ಲಿಕ್ಕತ್ತಾವ್ರಿ ಆಯಿ" ಎನ್ನುತ್ತಿದ್ದಳು ಆಕೆ.

ಅದೆಲ್ಲ ಆಗಬೇಕಾದರೆ ಮೊದಲು ಜಾಗ ಬೇಕಿತ್ತು. ಗಟಾರದ ನೀರಿನ ಕಾರಖಾನೆ ತಮ್ಮ ಹೊಲದ ಮಗ್ಗುಲಿಗೆ ಬೇಡ ಎಂದು ಎಲ್ಲರೂ ಸಭೆಯಿಂದ ಎದ್ದು ಹೋದರು. ನಾಲೆ ಹೊಳೆಗೆ ಸೇರುವ ಕಡೆ ಉಳಿದದ್ದು ನಮ್ಮ ತುಂಡು. ಗಂಡ ಬೇಡವೆಂದರು. "ಅಪ್ಪ ಕುರಿ ತರುಬಿದ ಜಾಗಾ ಅದು" ಎಂದು ಅತ್ತೆಯ ಜೊತೆ ಮೊದಲ ಸಲ ಜೋರಾಗಿ ಮಾತಾಡಿದರು. ಅತ್ತೆ ಆಕೆಯನ್ನು ಕರೆದು ದೇವರ ಜಗಲಿಯ ಮುಂದೆ ನಿಲ್ಲಿಸಿದರು. ನಮ್ಮ ಮನೆದೇವರು ಬೀರದೇವರು, ಜಗಲಿಯ ಮೇಲೆ ಬಟ್ಟಲ ತುಂಬ ಭಂಡಾರ, ಅರಿಸಿನದ ಪುಡಿ, ಇರುತ್ತದೆ. ಅದನ್ನು ಮುಟ್ಟಿ ಆಡಿದ ಮಾತನ್ನು ನಾವು ಮುರಿಯುವುದಿಲ್ಲ.

"ಜಾಗಾ ಕೊಡ್ತೀನಿ. ನನಗೇನೂ ಬ್ಯಾಡ. ಒಂದು ಮಾತ ಬೇಕು. ನೀರ ಕೆಟ್ರ ಮೊದಲ ನನಗ ಹೇಳಬೇಕು. ಸಾಹೇಬ್ರಿಗೆ ಆಮ್ಯಾಲೆ ಹೇಳು, ಊರಿಗೆ ಆಮ್ಯಾಲೆ ಹೇಳು. ಆ ನೀರ ಮೊದಲ ಕುಡಿಯೂದು ನನ್ನ ಕುರಿ."

ಆಕೆ ಭಂಡಾರ ಮುಟ್ಟಿದಳು. ಬೆರಳಿಗೆ ಹತ್ತಿದ್ದನ್ನು ಅತ್ತೆಯೇ ಆಕೆಯ ಹಣೆಗೆ ಹಚ್ಚಿದರು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ಅದು ನಾಟಕವಾಗಿರಲಿಲ್ಲ. ಅದನ್ನು ನಾನು ಇವತ್ತಿಗೂ ಹೇಳುತ್ತೇನೆ, ನಾಟಕವಾಗಿರಲಿಲ್ಲ. ಆಗಿದ್ದರೆ ಇದನ್ನೆಲ್ಲ ಮರೆಯುವುದು ಸುಲಭವಾಗುತ್ತಿತ್ತು.

ಘಟಕ ಕಟ್ಟಿ ಮುಗಿಯಿತು. ಗಾಳಿ ಊದುವ ಯಂತ್ರಗಳ ಗುಂಯ್‌ ಸದ್ದು ನಮ್ಮ ಓಣಿಯವರೆಗೂ ಕೇಳುತ್ತಿತ್ತು. ಪೌಡರ್ ಹಾಕುವ ಕೊನೆಯ ಟಾಕಿಯಿಂದ ಹೊಳೆಗೆ ಬೀಳುವ ನೀರು ಮೊದಮೊದಲು ಮಸುಕಾಗಿತ್ತು, ಆಮೇಲೆ ತಿಳಿಯಾಯಿತು. ಮಡುವಿನ ಕಪ್ಪು ಹೋಗಲು ಒಂದು ಮಳೆಗಾಲ ಬೇಕಾಯಿತು. ಬಂಡೆಗಳು ತಮ್ಮ ಬಣ್ಣಕ್ಕೆ ಬಂದವು. ಸಂಜೆ ಕಪ್ಪೆ ಕೂಗುವುದು ಕೇಳಿ ಅತ್ತೆ ಉಣ್ಣುವ ತಾಟು ಬಿಟ್ಟು ಅಂಗಳಕ್ಕೆ ಎದ್ದುಹೋದರು.

ಆ ವರ್ಷ ಉಣ್ಣೆ ಕತ್ತರಿಸುವ ಮುಂಚೆ ಅತ್ತೆ ಕುರಿಗಳನ್ನು ಕುರಿಮಡುವಿಗೇ ಇಳಿಸಿದರು. ನಾನೂ ಹೋಗಿದ್ದೆ. ಸೀರೆ ಎತ್ತಿಕಟ್ಟಿಕೊಂಡು ಸೊಂಟದವರೆಗೆ ನೀರಲ್ಲಿ ನಿಂತು, ಅತ್ತೆ ಒಂದೊಂದೇ ಕುರಿಯನ್ನು ಎಳೆದುಕೊಂಡು ಮೈ ತಿಕ್ಕುತ್ತಿದ್ದರು. ಆಕೆ ಸಲವಾರನ್ನು ಮೊಳಕಾಲಿಗೆ ಏರಿಸಿಕೊಂಡು ದಂಡೆಯಲ್ಲಿ ನಿಂತಿದ್ದವಳು, ಒಂದು ಟಗರು ಮೈ ಝಾಡಿಸಿದಾಗ ಪೂರ್ತಿ ತೊಯ್ದುಹೋದಳು. ಕಾಲು ಜಾರಿ ಮಡುವಿಗೆ ಬಿದ್ದಳು. ಅತ್ತೆ ಆಕೆಯ ತೋಳು ಹಿಡಿದು ಎತ್ತಿ, ಕುರಿಯ ಮೈ ತಿಕ್ಕಿದ ಹಾಗೇ ಆಕೆಯ ತಲೆ ತಿಕ್ಕಿದರು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದೆವು... ಅಂಥ ನಗು ಆ ಮನೆಯಲ್ಲಿ ಆಮೇಲೆ ಬರಲಿಲ್ಲ.

ಮುಂದಿನ ಬೇಸಿಗೆಗೆ ಆಕೆ ಬದಲಾದಳು. ಬರುವುದು ತಡವಾಗುತ್ತಿತ್ತು. ಊಟ ಖೋಲಿಗೇ ತರಿಸಿಕೊಳ್ಳುತ್ತಿದ್ದಳು. ಫೋನಿನಲ್ಲಿ ಮರಾಠಿಯಲ್ಲಿ ಯಾರ ಜೊತೆಗೋ ಮೆಲ್ಲಗೆ ವಾದ ಮಾಡುತ್ತಿದ್ದಳು. ಅತ್ತೆ ಹಿಂಡು ಹೇಗಿದೆ ಎಂದು ಕೇಳಿದರೆ, "ಚಲೋ ಐತ್ರಿ ಆಯಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಓಢಣಿಗೆ ಪೌಡರ್ ವಾಸನೆಯೂ ಬರುತ್ತಿರಲಿಲ್ಲ. ಬೇರೆ ಸೋಪು ತಂದಿರಬೇಕು ಎಂದುಕೊಂಡೆ. ಯಂತ್ರದ ಸದ್ದೂ ಕಡಿಮೆಯಾಗಿತ್ತು, ಆದರೆ ದಿನಾ ಕೇಳುವ ಸದ್ದು ಯಾವಾಗ ನಿಂತಿತು ಎಂದು ಯಾರ ಗಮನಕ್ಕೆ ಬರುತ್ತದೆ? ಮಡುವಿನ ನೀರು ಹಸಿರಾಗುತ್ತಿದೆ ಎಂದು ಅತ್ತೆ ಒಂದು ದಿನ ಹೇಳಿದರು. ಬಿಸಿಲಿಗೆ ಹಾಗಾಗುತ್ತದೆ ಎಂದಳು ಆಕೆ.

ಅಷ್ಟರಲ್ಲಿ ಹೊಳೆಯ ಕೆಳಗಿನ ಹಳ್ಳಿಯವರು ತಕರಾರು ಕೊಟ್ಟರು. ಅವರ ಬಾವಿಗಳಿಗೆ ಹೊಳೆಯ ನೀರೇ ಬಸಿದು ಬರುವುದು. ನೀರು ನಾರುತ್ತಿದೆ, ಮಕ್ಕಳ ಮೈಗೆ ತುರಿಕೆ ಎದ್ದಿದೆ ಎಂದು ಮೇಲಿನವರೆಗೂ ಹೋದರು. ತಪಾಸಣೆಗೆ ಸಾಹೇಬರು ಬರುವುದು ನಿಶ್ಚಯವಾಯಿತು. ಹಿಂದಿನ ದಿನ ಆಕೆ ಬಹಳ ದಿನಗಳ ಮೇಲೆ ಒಲೆಯ ಪಕ್ಕ ಬಂದು ಕೂತಳು.

"ಆಯಿ, ನಾಳಿ ಮುಂಜಾನಿ ಕುರಿ ಪ್ಲಾಂಟಿನ ಕಡೆ ತರ್ತೀರೇನ್ರಿ? ಸಾಹೇಬ್ರು ಬರ್ತಾರ. ನೀರು ಬೀಳೂ ಕಡೆ ಕುಡಸ್ರಿ. ನೋಡಿದ್ರ ಅವರಿಗೂ ಖಾತ್ರಿ ಆಗ್ತದ."

"ಅದರಾಗೇನೈತಿ, ತರ್ತೀನಿ" ಎಂದರು ಅತ್ತೆ. ಆಕೆ ಬಂದು ಪಕ್ಕದಲ್ಲಿ ಕೂತಳೆಂಬ ಖುಷಿಯಲ್ಲಿ ಆಕೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಮರುದಿನ ದಂಡೆಯ ತುಂಬ ಜನ. ಸಾಹೇಬರ ಗಾಡಿಗಳು, ಪುರಸಭೆಯ ನಗರಸೇವಕರು, ಕೆಳಗಿನ ಹಳ್ಳಿಯವರು. ಆ ಹಳ್ಳಿಯ ಒಬ್ಬ ಹೆಂಗಸು ತನ್ನ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ತಂದಿದ್ದಳು. ಸೆರಗಿನಲ್ಲಿ ಸುತ್ತಿಕೊಂಡು, ತೋರಿಸುವ ಸರದಿಗಾಗಿ ಕಾಯುತ್ತಿದ್ದಳು. ಕೊನೆಯ ಟಾಕಿಯಿಂದ ನೀರು ಬಿಳಿಯಾಗಿ, ಸ್ವಚ್ಛವಾಗಿ ಧುಮುಕುತ್ತಿತ್ತು. ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಅತ್ತೆ ಹಿಂಡನ್ನು ಇಳಿಸಿದರು. ಕುರಿಗಳು ಸಾಲಾಗಿ ಬಗ್ಗಿ ಕುಡಿದವು. ಅತ್ತೆಯೂ ಬೊಗಸೆಯಲ್ಲಿ ಹಿಡಿದು ಮುಖ ತೊಳೆದರು. ಒಬ್ಬ ಸಾಹೇಬ ಮರಾಠಿಯಲ್ಲಿ ಕೇಳಿದ, ಆಜಿ, ನೀರು ಹೇಗಿದೆ? ಅತ್ತೆ ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದರು.

"ನೀರ ಚಲೋ ಐತ್ರಿ. ಕೆಟ್ರ ಈ ಹುಡುಗಿ ಮೊದಲ ನನಗ ಹೇಳ್ತಾಳ. ಭಂಡಾರ ಮುಟ್ಟ್ಯಾಳ."

ಆಕೆ ಸಾಹೇಬರಿಗೆ ಅದನ್ನು ಮರಾಠಿಯಲ್ಲಿ ಹೇಳಿದಳು. ಭಂಡಾರದ ಮಾತನ್ನೂ ಬಿಡಲಿಲ್ಲ. ಬಾಟಲಿ ತಂದಿದ್ದ ಹೆಂಗಸು ಅತ್ತೆಯ ಹತ್ತಿರ ಬಂದು, "ಖರೇನ್ರಿ ಅವ್ವಾ?" ಎಂದಳು. ಅತ್ತೆ ಅವಳ ಕೈ ಹಿಡಿದು, "ಖರೇನವಾ. ನಿಮ್ಮ ಬಾವ್ಯಾಗ ಬ್ಯಾರೆ ಏನೋ ದೋಷ ಇರಬೇಕು" ಎಂದರು. ಅವಳು ಬಾಟಲಿಯ ಮುಚ್ಚಳ ತೆಗೆದು ಆ ನೀರನ್ನು ಮಣ್ಣಿಗೆ ಚೆಲ್ಲಿ ಹೊರಟುಹೋದಳು. ಅವಳ ಹಿಂದೆ ಉಳಿದವರೂ ಹೋದರು.

ಅದಾಗಿ ಒಂದು ತಿಂಗಳು ಕಳೆದಿರಬಹುದು, ನಮ್ಮ ಗಬ್ಬದ ಕುರಿಗಳು ಕಂದು ಹಾಕತೊಡಗಿದವು. ಇವತ್ತು ಒಂದು, ನಾಳೆ ಇನ್ನೊಂದು. ಕೂದಲು ಕೂಡ ಮೂಡದ ಮರಿಗಳನ್ನು ಅತ್ತೆ ಬೇವಿನ ಬುಡದಲ್ಲಿ ಹುಗಿದು ಬರುತ್ತಿದ್ದರು. ಆಮೇಲೆ ತಾಯಿ ಕುರಿಗಳಿಗೇ ಭೇದಿ ಹತ್ತಿತು. ದನದ ಡಾಕ್ಟರು ಬಂದು ನೋಡಿ, ಎಲ್ಲಿ ನೀರು ಕುಡಿಸುತ್ತೀರಿ ಎಂದು ಕೇಳಿದರು. ಅತ್ತೆ ಕುರಿಮಡುವಿನ ಹೆಸರು ಹೇಳಿದರು. ಡಾಕ್ಟರು ಇನ್ನು ಅಲ್ಲಿ ಕುಡಿಸಬೇಡಿ ಎಂದು ಔಷಧ ಬರೆದುಕೊಟ್ಟರು. ಅವರು ಹೋದಮೇಲೆ ಅತ್ತೆ ಕೋಲು ಹಿಡಿದು ಎದ್ದರು. ನಾನೂ ಹಿಂದೆ ಹೋದೆ.

ಮಡುವಿನಿಂದ ಮೇಲಕ್ಕೆ, ನೀರಿನ ಗುಂಟ ನಡೆದೆವು. ಘಟಕದ ಕಂಪೌಂಡಿನ ಹಿಂದೆ ಜಾಲಿಗಿಡಗಳ ದಟ್ಟಣೆ. ಕಾಲುದಾರಿಯೂ ಇರಲಿಲ್ಲ. ಅತ್ತೆ ಮುಳ್ಳನ್ನು ಕೋಲಿನಿಂದ ಸರಿಸಿದರು. ಗಿಡಗಳ ಒಳಗೆ ಒಂದು ದಪ್ಪ ಪೈಪು, ಅದರ ಬಾಯಿಂದ ಪೇಟೆಯ ಗಟಾರ ಹಾಗೇ, ಕಪ್ಪಾಗಿ, ಹೊಳೆಗೆ ಬೀಳುತ್ತಿತ್ತು. ಟಾಕಿಗಳನ್ನು ಮುಟ್ಟದೆ ಸುತ್ತು ಹಾಕಿ ಬಂದ ನೀರು.

ನಾವು ಗೇಟಿಗೆ ಹೋದೆವು. ಯಂತ್ರಗಳು ನಿಂತಿದ್ದವು. ಗಾಳಿ ಊದುವ ಟಾಕಿಯ ಮೇಲೆ ಕಪ್ಪು ಕೆನೆ ಕಟ್ಟಿತ್ತು. ಪಂಪು ನೋಡಿಕೊಳ್ಳುವವ ಒಬ್ಬನೇ ಇದ್ದ. ಅತ್ತೆಯನ್ನು ನೋಡಿ ಅವನಿಗೆ ಸುಳ್ಳು ಹೇಳಲು ಆಗಲಿಲ್ಲ. ಕರೆಂಟಿನ ಬಿಲ್ಲು ಉಳಿಸಲು ಠೇಕೇದಾರ ಬೇಸಿಗೆಯ ಮೊದಲೇ ಯಂತ್ರ ಬಂದ್ ಮಾಡಿಸಿದ್ದ ಎಂದ. ತಪಾಸಣೆಯ ದಿನ ಮಾತ್ರ ಯಂತ್ರ ಚಾಲೂ ಮಾಡಿ, ಪೇಟೆಯ ನಾಲೆಗೆ ಅಡ್ಡ ಹಾಕಿ, ಟ್ಯಾಂಕರಿನಿಂದ ಬಾವಿಯ ನೀರು ತಂದು ಕೊನೆಯ ಟಾಕಿಗೆ ಸುರಿದಿದ್ದರಂತೆ.

"ಆ ಹುಡುಗಿಗೆ ಗೊತ್ತಿತ್ತೇನು?" ಅತ್ತೆ ಕೇಳಿದರು.

ಅವನು ನೆಲ ನೋಡಿದ. "ಟ್ಯಾಂಕರ್ ಕರಸಿದವ್ರ ಬಾಯಾರ್ರಿ ಆಯಿ."

ಸಂಜೆ ಆಕೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ಕಾಲು ತೊಳೆಯಲು ಬಚ್ಚಲಿಗೆ ಹೊರಟವಳನ್ನು ಅಲ್ಲೇ ನಿಲ್ಲಿಸಿದರು. ಬೈಯಲಿಲ್ಲ. ಧ್ವನಿಯನ್ನೂ ಎತ್ತಲಿಲ್ಲ.

"ಪೈಪು ನೋಡಿ ಬಂದೀನಿ" ಎಂದರು.

ಆಕೆಯ ಹೆಗಲಿನಿಂದ ಚೀಲ ಜಾರಿತು. ಒಂದೇ ಉಸಿರಿಗೆ ಏನೇನೋ ಹೇಳಿದಳು. ಮೇಲಿನವರ ಹುಕುಮು, ತಾನು ಬೇಡವೆಂದು ಜಗಳಾಡಿದ್ದು, ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು, ಊರಲ್ಲಿ ಹಾಸಿಗೆ ಹಿಡಿದ ಅಪ್ಪ, ಠೇಕೇದಾರನ ಬಿಲ್ಲು ಮಂಜೂರಾದ ಕೂಡಲೇ ಮತ್ತೆ ಯಂತ್ರ ಚಾಲೂ ಮಾಡುವುದಾಗಿ ಅವರು ಹೇಳಿದ್ದು... ಅದರಲ್ಲಿ ಬಹಳಷ್ಟು ನಿಜವಿರಬೇಕು. ಅತ್ತೆ ಪೂರ್ತಿ ಕೇಳಿದರು.

"ನೀ ಯಂತ್ರ ಬಂದ್ ಮಾಡಿದಿ, ಹೋಗಲಿ. ಹೆದರಿದಿ, ಹೇಳಲಿಲ್ಲ, ಅದೂ ಹೋಗಲಿ. ಕುರಿ ತಗೊಂಡ ಬಾ ಅಂತ ಯಾಕಂದಿ? ಟ್ಯಾಂಕರ್ ನೀರಿತ್ತು, ಸಾಹೇಬ್ರಿದ್ರು. ನಾ ಯಾಕ ಬೇಕಾಗಿದ್ದೆ?"

ಆಕೆ ಅಳುತ್ತಿದ್ದಳು. ಆದರೂ ಆ ಒಂದು ಪ್ರಶ್ನೆಗೆ ನಿಜವನ್ನೇ ಹೇಳಿದಳು.

"ನೀವು ಹೇಳದಿದ್ರ ಆ ಹಳ್ಳಿಯವ್ರು ಯಾರೂ ನಂಬ್ತಿದ್ದಿಲ್ರಿ ಆಯಿ."

ಅತ್ತೆ ಎದ್ದು ಒಳಗೆ ಹೋದರು. ಅವರಿಬ್ಬರ ನಡುವೆ ಆಡಿದ ಕೊನೆಯ ಮಾತು ಅದು.

ಮರುದಿನ ಬೆಳಗಾಗುತ್ತಲೇ ಅತ್ತೆ ನನ್ನನ್ನು ಕರೆದುಕೊಂಡು ಕೆಳಗಿನ ಹಳ್ಳಿಗೆ ಹೊರಟರು. ಗಂಡ ಜೀಪು ತರುತ್ತೇನೆ ಎಂದರು, ಬೇಡವೆಂದು ನಡೆದೇ ಹೋದರು. ಮೊದಲು ಆ ಬಾಟಲಿಯ ಹೆಂಗಸಿನ ಮನೆ. ಅವಳು ಬಾಗಿಲಲ್ಲಿ ಮಗುವಿನ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದಳು. ಬೆನ್ನ ತುಂಬ ಕೆಂಪು ಗಂಧೆ.

"ಅವತ್ತ ನಾ ಹೇಳಿದ್ದು ಸುಳ್ಳಾತವಾ" ಎಂದರು ಅತ್ತೆ. "ನನಗ ಗೊತ್ತಿದ್ದಿಲ್ಲ. ಆ ನೀರ ಮುಟ್ಟಬ್ಯಾಡ್ರಿ. ಬಾವಿ ನೀರ ಮಕ್ಕಳಿಗೆ ಕೊಡಬ್ಯಾಡ್ರಿ."

ಅವಳು ಮುಲಾಮಿನ ಡಬ್ಬಿ ಮುಚ್ಚಿಟ್ಟಳು. ಆಮೇಲೆ, "ಸಾಹೇಬ್ರ ಮಾತ ನಾವು ನಂಬಿದ್ದಿಲ್ರಿ ಅವ್ವಾ. ನಿಮ್ಮ ಮಾತ ನಂಬಿ ಬಾಟ್ಲಿ ಚೆಲ್ಲಿ ಬಂದೆ" ಎಂದಳು. ಕುಂದ್ರಿ ಎನ್ನಲಿಲ್ಲ. ಅತ್ತೆ ಮುಂದಿನ ಮನೆಗೆ ಹೋದರು. ಅದರ ಮುಂದಿನ ಮನೆಗೂ. ಪ್ರತಿ ಬಾಗಿಲಲ್ಲೂ ಅದೇ ಮಾತು. ಕೆಲವರು ಕೇಳಿ ಒಳಗೆ ಹೋದರು, ಕೆಲವರು ಎಷ್ಟು ರೊಕ್ಕ ತಿಂದಿ ಮುದುಕಿ ಎಂದರು. ಒಂದು ಮನೆಯವರು ಬಾಗಿಲನ್ನೇ ಹಾಕಿಕೊಂಡರು. ಬಿಸಿಲು ಏರಿತ್ತು. ಇನ್ನು ಸಾಕು ಎಂದು ನಾನು ಅವರ ಸೆರಗು ಹಿಡಿದೆ. ಬಿಡಿಸಿಕೊಂಡರು. ಊರ ಕೊನೆಯ ಮನೆಯವರೆಗೂ ಹೋಗಿಯೇ ತಿರುಗಿದರು.

ನಾವು ಮನೆ ಮುಟ್ಟಿದಾಗ ಆಕೆಯ ಖೋಲಿ ಖಾಲಿಯಾಗಿತ್ತು. ಕಸ ಗುಡಿಸಿ, ಹಾಸಿಗೆ ಮಡಿಚಿ, ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದಳು. ಹೋಗುವಾಗ ಗಂಡನಿಗೆ ಸಾಂಗಲಿಗೆ ಬದಲಿಯಾಗಿದೆ ಎಂದಷ್ಟೇ ಹೇಳಿದಳಂತೆ. ನನಗಾಗಿ ಒಂದು ಮಾತನ್ನೂ ಬಿಟ್ಟು ಹೋಗಿರಲಿಲ್ಲ. ನಾನು ಬಾಗಿಲು ತೆರೆದು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ರವಿವಾರ ಬಂದು ಗುಂಡಿ ಹಚ್ಚುತ್ತಿದ್ದವಳು ನನ್ನ ಮುಖ ನೋಡದೆ ಹೋದಳಲ್ಲ ಎಂದು... ನಾಚಿಕೆಯಾಗುತ್ತದೆ ಹೇಳಲು, ಅದೇ ಹೆಚ್ಚು ನೋಯಿಸಿತ್ತು.

ಉಳಿದ ಕುರಿಗಳನ್ನು ಅತ್ತೆ ಮಾರಿಸಿದರು. ವಿಚಾರಣೆ ನಡೆಯಿತು, ಪಂಪಿನವನ ಕೆಲಸ ಹೋಯಿತು, ಠೇಕೇದಾರ ಬದಲಾದ. ಹೊಸಬನೂ ಕೆಲ ದಿನ ಯಂತ್ರ ಓಡಿಸಿದ, ಕೆಲ ದಿನ ನಿಲ್ಲಿಸಿದ. ಓಣಿಯಲ್ಲಿ ಜಗಳಗಳು ಆಗುತ್ತಲೇ ಇದ್ದವು, ಆಯಿ ಏನಂತಾಳೆ ಎಂದು ಕೇಳಲು ಮಾತ್ರ ಯಾರೂ ಬರುತ್ತಿರಲಿಲ್ಲ. ಅವರಾಗಿಯೇ ಬಿಟ್ಟರೋ, ಅತ್ತೆಯೇ ಬಾಗಿಲಿಗೆ ಬೆನ್ನು ಮಾಡಿ ಕೂರತೊಡಗಿದರೋ, ಈಗ ಹೇಳಲಾರೆ. ನನ್ನ ಮಗಳು ಹುಟ್ಟಿದಾಗ ಒಮ್ಮೆ ನಕ್ಕರು. ಹೆಸರು ನೀವೇ ಇಡಿ ಎಂದಾಗ, "ನಾ ಹೇಳಿದ್ದು ಬ್ಯಾಡ, ನೀವ ನೋಡ್ರಿ" ಎಂದರು. ಮಗಳು ಸಾಲಿಗೆ ಹೋಗತೊಡಗಿದ ವರ್ಷ, ಒಂದು ಮುಂಜಾನೆ ಅಂಗಳದಲ್ಲಿ ಕೂತಲ್ಲೇ ಹೋಗಿಬಿಟ್ಟರು.

ಆಕೆಯ ಸುದ್ದಿ ನನಗೆ ಸಿಕ್ಕಿದ್ದು ಹೋದ ವರ್ಷ. ಅಣ್ಣನ ಮಗಳು ಸಾಂಗಲಿಯಲ್ಲಿ ಕಾಲೇಜು ಕಲಿಯುತ್ತಾಳೆ. ಅವಳು ನಮ್ಮ ತಾಲೂಕಿನ ಕಥೆ ಎಂದು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಕಾಲೇಜಿನ ವೇದಿಕೆ, ಹಿಂದೆ ನದಿ ಉಳಿಸುವ ಕಾರ್ಯಕ್ರಮದ ಬ್ಯಾನರು. ಆಕೆಯ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಧ್ವನಿ ಅದೇ. ಜತ್ತ ತಾಲೂಕಿನ ಒಬ್ಬ ಕುರಿ ಕಾಯುವ ಆಯಿಯ ಕಥೆ ಹೇಳುತ್ತಿದ್ದಳು. ಹೊಳೆಗಾಗಿ ತನ್ನ ಜಾಗ ಕೊಟ್ಟ ಆಯಿ, ಇಂಜಿನಿಯರಿಗೆ ನೀನೂ ಹಿಂಡು ಕಾಯುವವಳೇ ಎಂದ ಆಯಿ, ಶುದ್ಧವಾದ ನೀರಿಗೆ ಮೊದಲು ತನ್ನ ಕುರಿಗಳನ್ನು ಇಳಿಸಿದ ಆಯಿ. ಕಥೆ ಅಲ್ಲಿಗೇ ಮುಗಿಯಿತು. ಇವತ್ತಿಗೂ ಆ ಆಯಿ ಅದೇ ದಂಡೆಯಲ್ಲಿ ಕುರಿ ಮೇಯಿಸುತ್ತಾರೆ ಎಂದಳು. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಅಣ್ಣನ ಮಗಳಿಂದ ನಂಬರು ತರಿಸಿ ಫೋನು ಮಾಡಿದೆ. ಹಲೋ ಎಂದ ಕೂಡಲೇ ಗುರುತು ಹಿಡಿದಳು. "ವೈನೀ?" ಎಂದಳು. ಅಷ್ಟು ವರ್ಷಗಳ ಮೇಲೂ ಆ ಕರೆಗೆ ಓ ಎಂದುಬಿಟ್ಟೆ, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ಅತ್ತಿ ತೀರಿಕೊಂಡಾರ್ರಿ" ಎಂದೆ. "ಭಾಳ ವರ್ಷ ಆತು."

ಬರುತ್ತೇನೆ ವೈನಿ, ಒಂದು ಸಲ ಬಂದು ಹೋಗುತ್ತೇನೆ ಎಂದಳು. ಬರುವುದು ಬೇಡ ಎಂದೆ.

"ಬರೂದ ಬ್ಯಾಡ್ರಿ. ಅತ್ತಿ ಕಥಿ ಹೇಳ್ತೀರಲ್ಲ, ಅದನ್ನ ಪೂರ್ತಿ ಹೇಳ್ರಿ. ಟ್ಯಾಂಕರ್ ಬಂದದ್ದು ಹೇಳ್ರಿ. ಮರುದಿನ ಅತ್ತಿ ಆ ಹಳ್ಳಿಯೊಳಗ ಮನಿ ಮನಿಗೆ ಹೋಗಿ ನಾ ಹೇಳಿದ್ದು ಸುಳ್ಳು ಅಂತ ಹೇಳಿ ಬಂದ್ರು, ಅದೂ ನಿಮಗ ಗೊತ್ತಿರಲಿ, ಅದನ್ನೂ ಹೇಳ್ರಿ."

"ಹೂಂ ವೈನಿ" ಎಂದಳು. ಇಷ್ಟು ವರ್ಷ ಆಕೆಯ ಯಾವ ಮಾತನ್ನೂ ನಂಬದಿದ್ದ ನಾನು ಆ ಹೂಂ ಅನ್ನುವುದನ್ನು ನಂಬಿದೆ.

ಹೋದ ವಾರ ಸಂಖದಲ್ಲಿ, ಮೊರ ತೊಡೆಯ ಮೇಲಿಟ್ಟುಕೊಂಡು ನಾನು ಹಾಗೇ ಕೂತಿದ್ದಾಗ, ರಜೆಗೆ ಬಂದಿದ್ದ ಅಣ್ಣನ ಮಗಳು ಪಕ್ಕದಲ್ಲಿ ಬಂದು ಕೂತಳು. ಆ ಬಾಯಾರು ಈ ವರ್ಷವೂ ಕಾಲೇಜಿಗೆ ಬಂದಿದ್ದರು ಅತ್ತೀ, ಎಂದಳು. ಆಯಿಯ ಕಥೆ ಹೇಗೆ ಹೇಳಿದಳು ಎಂದು ಕೇಳಿದೆ.

"ಇಲ್ಲ ಅತ್ತಿ. ಈ ಸಲ ಆಯಿ ಕಥಿ ಹೇಳಲೇ ಇಲ್ಲ. ನಾವ ಕೇಳಿದ್ವಿ, ಹೋದ ವರ್ಷ ಹೇಳಿದ್ರಲ್ಲ, ಕುರಿ ಆಯಿ ಕಥಿ ಹೇಳ್ರಿ ಅಂತ. ಹಂಗ ಯಾರೂ ಇದ್ದಿಲ್ಲ, ನಿಮಗ ತಿಳೀಲಿ ಅಂತ ನಾನ ಕಟ್ಟಿ ಹೇಳಿದ್ದೆ ಅಂದ್ರು."